ಅಂಧರ ಮಾಸಾಶನದಿಂದ ಮುನ್ನೂರು ರೂಪಾಯಿಯವರೆಗೆ

ಬಹಮನಿ ಸುಲ್ತಾನರ ಚರಿತ್ರೆಯನ್ನು ವಿಸ್ತಾರವಾಗಿ ಬರೆದಿಟ್ಟವನು ಫರಿಶ್ತಾ. ಹದಿನೇಳನೆಯ ಶತಮಾನದ ಆರಂಭದಲ್ಲಿ ವಿಜಾಪುರದ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದ ಈ ಇತಿಹಾಸಕಾರ ಯುದ್ಧ, ಕೊಲೆ, ಒಳಸಂಚುಗಳ ನಡುವೆ ಒಂದು ಸಣ್ಣ ಸಂಗತಿಯನ್ನೂ ದಾಖಲಿಸಿದ್ದಾನೆ. 1378ರಿಂದ 1397ರವರೆಗೆ ಆಳಿದ ಎರಡನೆಯ ಮುಹಮ್ಮದ ಶಾಹ ಕಲಬುರಗಿ, ಬೀದರ, ಕಂಧಾರ, ದೌಲತಾಬಾದ್ ಮೊದಲಾದ ಊರುಗಳಲ್ಲಿ ಅನಾಥ ಮಕ್ಕಳಿಗಾಗಿ ಶಾಲೆಗಳನ್ನು ತೆರೆದನಂತೆ. ಅಷ್ಟೇ ಅಲ್ಲ, ತನ್ನ ರಾಜ್ಯದ ಅಂಧರಿಗೆಲ್ಲ ತಿಂಗಳು ತಿಂಗಳಿಗೆ ಮಾಸಾಶನ ಗೊತ್ತುಮಾಡಿದನಂತೆ. ಆಸ್ಥಾನದ ಇತಿಹಾಸಕಾರರು ದೊರೆಗಳ ಔದಾರ್ಯವನ್ನು ಸ್ವಲ್ಪ ಹಿಗ್ಗಿಸಿ ಹೇಳುವುದುಂಟು. ಆದರೂ ಆರು ಶತಮಾನಗಳ ಹಿಂದೆ, ಇಂದಿನ ಬೀದರ ಜಿಲ್ಲೆಯೂ ಸೇರಿದ್ದ ರಾಜ್ಯವೊಂದರಲ್ಲಿ, ದೇಹದ ಕೊರತೆಯುಳ್ಳವರ ಜೀವನೋಪಾಯ ಖಜಾನೆಯ ಹೊಣೆ ಎಂಬ ವಿಚಾರ ಹುಟ್ಟಿತ್ತು ಎಂಬುದು ಗಮನಿಸಬೇಕಾದ ಮಾತು.

ಮುಂದೆ 1424ರ ಸುಮಾರಿಗೆ ರಾಜಧಾನಿ ಕಲಬುರಗಿಯಿಂದ ಬೀದರಕ್ಕೆ ಬಂತು. 1436ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಅಲಾವುದ್ದೀನ ಅಹಮದ ಶಾಹ ಬೀದರದಲ್ಲಿ ದೊಡ್ಡದೊಂದು ದವಾಖಾನೆ ಕಟ್ಟಿಸಿದ. ಅಲ್ಲಿ ಹಿಂದೂ ವೈದ್ಯರೂ ಮುಸಲ್ಮಾನ ಹಕೀಮರೂ ಇದ್ದರು. ರೋಗಿಗಳಿಗೆ ಔಷಧಿ, ಊಟ ಎರಡೂ ಉಚಿತ. ಇದಕ್ಕಿಂತ ಮುಖ್ಯವಾದದ್ದು ಹಣದ ಏರ್ಪಾಡು. ದವಾಖಾನೆಯ ವೆಚ್ಚಕ್ಕೆಂದು ಸುಲ್ತಾನ ಕೆಲವು ಹಳ್ಳಿಗಳ ಕಂದಾಯವನ್ನೇ ಬಿಟ್ಟುಕೊಟ್ಟಿದ್ದ. ವರ್ಷ ವರ್ಷವೂ ದೊರೆಯ ಮನಸ್ಸು ಕರಗಲಿ ಎಂದು ಕಾಯುವ ಅಗತ್ಯವಿರಲಿಲ್ಲ. ಬೆಳೆ ಬಂದು ಕಂದಾಯ ಸಂದರೆ ದವಾಖಾನೆ ನಡೆಯುತ್ತಿತ್ತು.

ಒಂದು ದಾನ, ಇನ್ನೊಂದು ದತ್ತಿ. ದಾನಕ್ಕೆ ಕೊಡುವವನ ಮನಸ್ಸು ಆಧಾರ, ದತ್ತಿಗೆ ಗೊತ್ತುಪಡಿಸಿದ ಆದಾಯ ಆಧಾರ. ಬಹಮನಿ ರಾಜ್ಯ ಒಡೆದು ಚೂರಾದಾಗ ಎರಡೂ ಹೋದವು. ಆದರೆ ಈ ಎರಡು ಮಾದರಿಗಳ ನಡುವಿನ ಜಗ್ಗಾಟ ಮಾತ್ರ ಹೋಗಲಿಲ್ಲ. ಬೀದರ, ಭಾಲ್ಕಿ, ಔರಾದ ಸೀಮೆಯ ಅಂಗವಿಕಲರು ತಮ್ಮ ಕಾಲ ಮೇಲೆ ತಾವು ನಿಲ್ಲಬಲ್ಲರೇ, ಇಲ್ಲವೇ ಎಂಬುದು ಇಂದಿಗೂ ಅದರ ಮೇಲೆಯೇ ನಿಂತಿದೆ.

ಮಠದ ಅನ್ನ, ಮನೆಯ ಮೂಲೆ

ಬೀದರ ಜಿಲ್ಲೆಗೆ ಈ ವಿಷಯದಲ್ಲಿ ಇನ್ನೊಂದು ದೊಡ್ಡ ಪರಂಪರೆಯೂ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣ ಇಂದಿನ ಬಸವಕಲ್ಯಾಣವೇ. ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಜೋಡಿಸಿದರು. ದುಡಿದು ಬದುಕುವುದು ಒಂದು, ದುಡಿದದ್ದನ್ನು ಹಂಚಿ ಉಣ್ಣುವುದು ಇನ್ನೊಂದು. ಹಂಚುವವನು ತಾನು ಕೊಟ್ಟೆನೆಂದು ಬೀಗಬಾರದು, ಪಡೆಯುವವನು ತಲೆ ತಗ್ಗಿಸಬೇಕಾಗಿಲ್ಲ ಎಂಬುದು ದಾಸೋಹದ ತಿರುಳು. ಆದರೆ ಕಾಲ ಕಳೆದಂತೆ ದಾಸೋಹವೆಂದರೆ ಮಠದ ಊಟವಷ್ಟೇ ಎಂಬ ಅರ್ಥ ಉಳಿಯಿತು. ಅಂಗವಿಕಲರಿಗೆ ಅನ್ನ ಸಿಕ್ಕಿತು. ಕಾಯಕದ ದಾರಿ ಸಿಕ್ಕಿದ್ದು ಕೆಲವರಿಗೆ ಮಾತ್ರ.

ಆ ಕೆಲವರಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಸಂಗೀತಗಾರರು ಪ್ರಸಿದ್ಧರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತವೆಂಬ ಕಾಯಕವನ್ನು ಕೊಟ್ಟರು. ಸರಕಾರದ ಕಡೆಯಿಂದ ನಡೆದ ಯತ್ನಗಳು ಹಳೆಯ ಮೈಸೂರಿನ ಸೀಮೆಯಲ್ಲಿ ಬೇಗ ಆರಂಭವಾದವು. ಎಂ. ಶ್ರೀನಿವಾಸರಾಯರು 1901ರಲ್ಲಿ ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆಯನ್ನು ತೆರೆದರು. ಮುಂದೆ ಸಂಸ್ಥಾನವೇ ಅದರ ಹೊಣೆ ಹೊತ್ತಿತು.

ನಿಜಾಮರ ಹೈದರಾಬಾದ್ ಸಂಸ್ಥಾನದ ಅಂಚಿನಲ್ಲಿದ್ದ ಬೀದರ ಜಿಲ್ಲೆಯ ಸ್ಥಿತಿ ಬೇರೆ. ಅಲ್ಲಿ ಸಾಮಾನ್ಯ ಮಕ್ಕಳು ತಮ್ಮ ಭಾಷೆಯಲ್ಲಿ ಓದುವುದೇ ಕಷ್ಟವಾಗಿತ್ತು. ಭಾಲ್ಕಿ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕತೆ ಜಿಲ್ಲೆಯಲ್ಲಿ ಮನೆಮಾತು. ಸರಕಾರ ಮಾಡಬೇಕಾದುದನ್ನು ಮಠ ಮಾಡಿದ ಸೀಮೆ ಇದು. ಅದೇ ಮಠ ಮುಂದೆ ಹೆತ್ತವರು ಬಿಟ್ಟುಹೋದ ಹಸುಗೂಸುಗಳನ್ನೂ ಸಾಕಿತು. ಇದು ದೊಡ್ಡ ಕೆಲಸವೇ. ಆದರೆ ಮಠ ಎಷ್ಟೇ ದೊಡ್ಡದಾದರೂ ಪ್ರತಿಯೊಂದು ಹಳ್ಳಿಯ ಪ್ರತಿಯೊಬ್ಬ ಅಂಗವಿಕಲನ ಮನೆ ಬಾಗಿಲಿಗೆ ಹೋಗಲಾರದು. ಉಳಿದವರ ಪಾಲಿಗೆ ಇದ್ದದ್ದು ಮನೆಯ ಮೂಲೆ, ಅಣ್ಣ ತಮ್ಮಂದಿರ ದಯೆ, ಜಾತ್ರೆಯ ದಾರಿಯಲ್ಲಿ ಹಾಸಿದ ಅರಿವೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಸೇರಿದ ಜಿಲ್ಲೆ ರಾಜಧಾನಿಯಿಂದ ಹೆಚ್ಚುಕಡಿಮೆ 700 ಕಿಲೋಮೀಟರ್ ದೂರ. ಈ ದೂರವನ್ನು ಮರೆತರೆ ಮುಂದಿನ ಕತೆ ಅರ್ಥವಾಗುವುದಿಲ್ಲ.

ದಯೆಯಿಂದ ಹಕ್ಕಿನವರೆಗೆ

ಸ್ವತಂತ್ರ ಬದುಕು ಎಂಬ ಮಾತು ಅಂಗವಿಕಲರ ಚಳವಳಿಯಲ್ಲಿ ವಿಶೇಷ ಅರ್ಥ ಪಡೆದದ್ದು ಅಮೆರಿಕದಲ್ಲಿ. ಪೋಲಿಯೊದಿಂದ ಕುತ್ತಿಗೆಯ ಕೆಳಗೆ ಬಲ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ ಮತ್ತು ಅವರ ಗೆಳೆಯರು 1972ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ವತಂತ್ರ ಬದುಕಿನ ಕೇಂದ್ರವನ್ನು ಕಟ್ಟಿದರು. ಎಲ್ಲವನ್ನೂ ಒಬ್ಬನೇ ಮಾಡಿಕೊಳ್ಳುವುದು ಸ್ವಾತಂತ್ರ್ಯವಲ್ಲ ಎಂಬುದು ಅವರ ವಾದ. ಏಳುವುದಕ್ಕೆ, ಸ್ನಾನಕ್ಕೆ, ಓಡಾಟಕ್ಕೆ ಇನ್ನೊಬ್ಬರ ನೆರವು ಬೇಕಾಗಬಹುದು. ಆದರೆ ಯಾವಾಗ ಏಳಬೇಕು, ಎಲ್ಲಿಗೆ ಹೋಗಬೇಕು, ಯಾವ ಕೆಲಸ ಮಾಡಬೇಕು, ಯಾರೊಂದಿಗೆ ಬದುಕಬೇಕು ಎಂಬ ತೀರ್ಮಾನ ಆ ವ್ಯಕ್ತಿಯದೇ ಆಗಿರಬೇಕು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೆಯ ವಿಧಿ ಇದನ್ನೇ ಹಕ್ಕೆಂದು ಸಾರಿತು. ಭಾರತ ಆ ಒಡಂಬಡಿಕೆಯನ್ನು 2007ರ ಅಕ್ಟೋಬರಿನಲ್ಲಿ ಸ್ಥಿರೀಕರಿಸಿತು.

ನಮ್ಮಲ್ಲಿ ಇದರ ಹಾದಿ ನಿಧಾನವಾಗಿ ತೆರೆಯಿತು. ಊರುಗೋಲು, ಕೃತಕ ಕಾಲು, ಶ್ರವಣ ಸಾಧನ ಹಂಚುವ ಕೇಂದ್ರದ ಯೋಜನೆ 1981ರಲ್ಲಿ ಬಂತು. ರಾಜ್ಯದಲ್ಲಿ 1988ರಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಪ್ರತ್ಯೇಕ ನಿರ್ದೇಶನಾಲಯ ಆಯಿತು. 1995ರ ಕಾಯಿದೆ ಮೊದಲ ಬಾರಿಗೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ ಶಿಕ್ಷಣ, ಉದ್ಯೋಗಗಳಲ್ಲಿ ಪಾಲು ಕೊಟ್ಟಿತು. 2016ರ ಕಾಯಿದೆ ಈ ಪಟ್ಟಿಯನ್ನು 21ಕ್ಕೆ ಏರಿಸಿತು. ಸಮುದಾಯದ ನಡುವೆ ಬದುಕುವ ಹಕ್ಕನ್ನು ಬಾಯಿಬಿಟ್ಟು ಹೇಳಿತು. ಹೆಸರುಗಳೂ ಬದಲಾದವು. ಕುಂಟ, ಕುರುಡ ಎಂದು ಕರೆಸಿಕೊಳ್ಳುತ್ತಿದ್ದವರು ಅಂಗವಿಕಲರಾದರು, ವಿಕಲಚೇತನರಾದರು, ವಿಶೇಷಚೇತನರಾದರು, ದಿವ್ಯಾಂಗರೂ ಆದರು. ಹೆಸರು ಬದಲಿಸಲು ಖರ್ಚಿಲ್ಲ.

ಖರ್ಚಿನ ವಿಷಯ ಬಂದಾಗ ಕಾಯಿದೆಯ ಮಾತು ಸ್ವಲ್ಪ ತಗ್ಗುತ್ತದೆ. 2016ರ ಕಾಯಿದೆಯ 24ನೆಯ ಕಲಮು ಸಾಮಾಜಿಕ ಭದ್ರತೆಗೆ ಸಂಬಂಧಿಸಿದ್ದು. ಇತರರಿಗೆ ಇರುವ ಅಂಥದೇ ಯೋಜನೆಗಳಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25ರಷ್ಟು ಹೆಚ್ಚು ನೆರವು ಕೊಡಬೇಕೆಂದು ಅದು ಹೇಳುತ್ತದೆ. ವೈಕಲ್ಯವೆಂದರೆ ಹೆಚ್ಚಿನ ಖರ್ಚು ಎಂಬ ಸತ್ಯವನ್ನು ಕಾನೂನು ಒಪ್ಪಿದ್ದು ಇಲ್ಲಿ. ಆದರೆ ಅದೇ ಕಲಮು ಆರಂಭವಾಗುವುದು ಸರಕಾರವು ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಯೋಜನೆ ರೂಪಿಸಬೇಕು ಎಂಬ ಮಾತಿನಿಂದ. ಬಾಗಿಲು, ಹಿಂಬಾಗಿಲು ಎರಡೂ ಒಂದೇ ಕಲಮಿನಲ್ಲಿವೆ.

ಕತ್ತರಿ ಕಾಣದ ಕಡಿತ

ಕಡಿತವೆಂದರೆ ಕೊಡುತ್ತಿದ್ದುದನ್ನು ನಿಲ್ಲಿಸುವುದು ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಬ್ರಿಟನ್ನಿನಲ್ಲಿ ಹಾಗೆಯೇ ಆಯಿತು. ತೀವ್ರ ವೈಕಲ್ಯವುಳ್ಳವರು ತಮಗೆ ಬೇಕಾದ ಸಹಾಯಕರನ್ನು ತಾವೇ ನೇಮಿಸಿಕೊಳ್ಳಲೆಂದು 1988ರಲ್ಲಿ ಆರಂಭವಾದ ಸ್ವತಂತ್ರ ಬದುಕಿನ ನಿಧಿಯನ್ನು ಅಲ್ಲಿನ ಸರಕಾರ 2010ರಲ್ಲಿ ಹೊಸಬರಿಗೆ ಮುಚ್ಚಿತು, 2015ರ ಜೂನ್ 30ರಂದು ಪೂರ್ತಿಯಾಗಿ ಮುಚ್ಚಿತು. ಸುಮಾರು 18,000 ಜನರ ಹೊಣೆ ಸ್ಥಳೀಯ ಸಂಸ್ಥೆಗಳ ಮೇಲೆ ಬಿತ್ತು. ಇಂಥ ಕ್ರಮಗಳಿಂದ ಅಂಗವಿಕಲರ ಹಕ್ಕುಗಳಿಗೆ ಗಂಭೀರ ಧಕ್ಕೆಯಾಗಿದೆಯೆಂದು ವಿಶ್ವಸಂಸ್ಥೆಯ ಸಮಿತಿ 2016ರಲ್ಲಿ ವರದಿ ಕೊಟ್ಟಿತು. ಅಲ್ಲಿ ದಿನಾಂಕವಿತ್ತು, ಆದೇಶವಿತ್ತು, ವಿರೋಧಿಸಲು ಎದುರಿಗೆ ಒಂದು ಗುರಿ ಇತ್ತು.

ನಮ್ಮಲ್ಲಿ ಕಡಿತ ನಡೆಯುವುದು ಹೆಚ್ಚಾಗಿ ಸದ್ದಿಲ್ಲದೆ. ಮೊತ್ತ ಇದ್ದಲ್ಲೇ ಇರುತ್ತದೆ, ಬೆಲೆಗಳು ಏರುತ್ತವೆ. ಕೇಂದ್ರ ಸರಕಾರ 2009ರಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಯನ್ನು ಆರಂಭಿಸಿದಾಗ ತಿಂಗಳಿಗೆ 200 ರೂಪಾಯಿ ಕೊಡುತ್ತಿತ್ತು. 2012ರಲ್ಲಿ ಅದು 300 ಆಯಿತು. 79 ವರ್ಷದವರೆಗಿನವರಿಗೆ ಕೇಂದ್ರದ ಪಾಲು ಮುಂದೆ ಹತ್ತು ವರ್ಷ ಕಳೆದರೂ ಅಷ್ಟಕ್ಕೇ ನಿಂತಿತ್ತು. 2012ನ್ನು 100 ಎಂದು ಹಿಡಿದು ಲೆಕ್ಕ ಹಾಕುವ ಗ್ರಾಹಕ ಬೆಲೆ ಸೂಚ್ಯಂಕ 2024ರ ಕೊನೆಗೆ 190ನ್ನು ದಾಟಿತ್ತು. ಅಂದರೆ 2012ರಲ್ಲಿ 300 ರೂಪಾಯಿಗೆ ಬರುತ್ತಿದ್ದ ಸಾಮಾನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಈಗ ಬರುತ್ತದೆ. ಯಾರೂ ಆದೇಶ ಹೊರಡಿಸಲಿಲ್ಲ. ಅರ್ಧ ಪಿಂಚಣಿ ಮಾತ್ರ ಹೋಯಿತು. ಸಂಸತ್ತಿನ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಈ ಮೊತ್ತಗಳನ್ನು ಏರಿಸಬೇಕೆಂದು ಮತ್ತೆ ಮತ್ತೆ ಹೇಳಿತು. ಆದರೆ ವೃದ್ಧರು, ವಿಧವೆಯರು, ಅಂಗವಿಕಲರ ಪಿಂಚಣಿಗಳೆಲ್ಲ ಸೇರಿರುವ ರಾಷ್ಟ್ರೀಯ ಸಾಮಾಜಿಕ ನೆರವಿನ ಬಾಬತ್ತಿಗೆ 2022-23ರಲ್ಲಿ ಇಟ್ಟ ಹಣ 9,652 ಕೋಟಿ ರೂಪಾಯಿ. 2025-26ರಲ್ಲಿ ಇಟ್ಟದ್ದೂ 9,652 ಕೋಟಿಯೇ.

ಇದಕ್ಕೆ ಎರಡನೆಯ ಮಿತಿಯೂ ಇದೆ. ಕೇಂದ್ರದ ಈ ಪಿಂಚಣಿ ಶೇ 80ರಷ್ಟು ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ, ಬಡತನ ರೇಖೆಗಿಂತ ಕೆಳಗಿರುವವರಿಗೆ ಮಾತ್ರ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಕೇಂದ್ರದ ಪಿಂಚಣಿ ತಲುಪುತ್ತಿದ್ದುದು ದೇಶದಲ್ಲಿ ಸುಮಾರು ಹತ್ತು ಲಕ್ಷ ಜನರಿಗೆ.

ರಾಜ್ಯ ಸರಕಾರ ತನ್ನ ಬೊಕ್ಕಸದಿಂದ ಹೆಚ್ಚು ಕೊಡುತ್ತದೆ ಎಂಬುದನ್ನು ಹೇಳಲೇಬೇಕು. 2021ರ ಆಗಸ್ಟಿನಲ್ಲಿ ಶೇ 40ರಿಂದ 75ರವರೆಗಿನ ವೈಕಲ್ಯಕ್ಕೆ ಕೊಡುತ್ತಿದ್ದ ಮಾಸಾಶನವನ್ನು 600ರಿಂದ 800 ರೂಪಾಯಿಗೆ ಏರಿಸಲಾಯಿತು; ಶೇ 75ಕ್ಕಿಂತ ಹೆಚ್ಚಿನ ವೈಕಲ್ಯಕ್ಕೆ 1,400 ರೂಪಾಯಿ ಇತ್ತು. ಅದೇ ಸಮಯದಲ್ಲಿ ವೃದ್ಧರ ಸಂಧ್ಯಾ ಸುರಕ್ಷಾ 1,000ದಿಂದ 1,200ಕ್ಕೆ ಏರಿತು. ಈ ಮೂರು ಸಂಖ್ಯೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಬೇಕು. 1,200ಕ್ಕೆ ಶೇ 25 ಸೇರಿಸಿದರೆ 1,500 ಆಗುತ್ತದೆ. ತೀವ್ರ ವೈಕಲ್ಯದವರಿಗೆ ಸಿಕ್ಕಿದ್ದು ಅದಕ್ಕಿಂತ 100 ಕಡಿಮೆ, ಉಳಿದವರಿಗೆ ಸಿಕ್ಕಿದ್ದು ವೃದ್ಧರ ಮೊತ್ತಕ್ಕಿಂತಲೂ 400 ಕಡಿಮೆ. ಕಾಯಿದೆ ಹೇಳಿದ ಲೆಕ್ಕ ಒಂದು, ಖಜಾನೆಯ ಲೆಕ್ಕ ಇನ್ನೊಂದು.

ಸದ್ದು ಮಾಡಿದ ಕಡಿತಗಳೂ ಉಂಟು. ಅಂಗವಿಕಲರ ಕಾಯಿದೆಯನ್ನು ಜಾರಿಗೆ ತರಲು, ಸರಕಾರಿ ಕಟ್ಟಡಗಳಿಗೆ ಇಳಿಜಾರು ದಾರಿ ಕಟ್ಟಲು, ಕೌಶಲ ತರಬೇತಿ ಕೊಡಲು ಇರುವ ಕೇಂದ್ರದ ಯೋಜನೆಗೆ 2022-23ರ ಬಜೆಟ್ಟಿನಲ್ಲಿ 240 ಕೋಟಿ ರೂಪಾಯಿ ಇತ್ತು. ಮರುವರ್ಷ ಅದು 150 ಕೋಟಿಗೆ, 2024-25ರಲ್ಲಿ 135 ಕೋಟಿಗೆ ಇಳಿಯಿತು. ರಾಜ್ಯದಲ್ಲಿ 2024-25ರಲ್ಲಿ ಅಂಗವಿಕಲರ ಯೋಜನೆಗಳ ಅನುದಾನ ಸುಮಾರು ಶೇ 80ರಷ್ಟು ಇಳಿದಿದೆಯೆಂದು ಪತ್ರಿಕೆಗಳು ವರದಿ ಮಾಡಿದವು. ಅಂಗವಿಕಲರ ಸಂಘಟನೆಗಳು ಪ್ರತಿಭಟಿಸಿದವು, ವಿರೋಧ ಪಕ್ಷ ಟೀಕಿಸಿತು.

ಕಡಿತಕ್ಕೆ ಕೊಡುವ ಕಾರಣಗಳಲ್ಲಿ ಸಾಮಾನ್ಯವಾದದ್ದು, ಹಿಂದೆ ಕೊಟ್ಟ ಹಣವೇ ಖರ್ಚಾಗಿಲ್ಲ ಎಂಬುದು. ಹಣ ಯಾಕೆ ಖರ್ಚಾಗುವುದಿಲ್ಲ ಎಂಬುದನ್ನು ನೋಡಲು ಬೆಂಗಳೂರನ್ನೂ ದಿಲ್ಲಿಯನ್ನೂ ಬಿಟ್ಟು ತಾಲ್ಲೂಕಿಗೆ ಇಳಿಯಬೇಕು. ಪ್ರಸ್ತಾವ ಬರೆದು ಕಳಿಸುವ ಸಿಬ್ಬಂದಿ ಬೇಕು, ಅಳತೆ ಮಾಡುವ ಎಂಜಿನಿಯರ್ ಬೇಕು, ವೈಕಲ್ಯದ ಪ್ರಮಾಣಪತ್ರ ಕೊಡುವ ವೈದ್ಯರು ಬೇಕು, ಕೊಟ್ಟ ಹಣದ ಬಳಕೆ ಪ್ರಮಾಣಪತ್ರ ವೇಳೆಗೆ ಮೇಲಕ್ಕೆ ಹೋಗಬೇಕು. ಇವರಲ್ಲಿ ಯಾರ ಕುರ್ಚಿ ಖಾಲಿ ಇದ್ದರೂ ಹಣ ಹಿಂದಕ್ಕೆ ಹೋಗುತ್ತದೆ. ಮುಂದಿನ ವರ್ಷ ಅದೇ ಕಾರಣಕ್ಕೆ ಕಡಿಮೆ ಹಣ ಬರುತ್ತದೆ. ಹೀಗೆ ಹಿಂದುಳಿದ ತಾಲ್ಲೂಕು ತಾನು ಹಿಂದುಳಿದದ್ದಕ್ಕೇ ದಂಡ ತೆರುತ್ತದೆ.

ಔರಾದದಿಂದ ಬೀದರಕ್ಕೆ

ಔರಾದ ರಾಜ್ಯದ ಉತ್ತರದ ತುದಿಯ ತಾಲ್ಲೂಕು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಅಮರೇಶ್ವರನ ಈ ಊರಿಗೆ ರೈಲಿಲ್ಲ; ಜಿಲ್ಲಾ ಕೇಂದ್ರ ಸುಮಾರು 40 ಕಿಲೋಮೀಟರ್ ದೂರ. ಔರಾದದ ಹಳ್ಳಿಯಲ್ಲಿ ಪೋಲಿಯೊದಿಂದ ಕಾಲು ಬಲ ಕಳೆದುಕೊಂಡ ಒಬ್ಬ ನಡುವಯಸ್ಸಿನವರನ್ನು ಊಹಿಸಿಕೊಳ್ಳಬಹುದು. ಅವರು ಊರ ಬಸ್ ನಿಲ್ದಾಣದ ಬಳಿ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದಾರೆ ಎಂದುಕೊಳ್ಳೋಣ. ಅವರ ಸ್ವತಂತ್ರ ಬದುಕು ಯಾವುದರ ಮೇಲೆ ನಿಂತಿದೆ?

ಮೊದಲನೆಯದು ತಿಂಗಳ ಮಾಸಾಶನ. ಈ ಸೀಮೆಯಲ್ಲಿ ಜನ ಅದನ್ನು ಪಗಾರ ಎನ್ನುತ್ತಾರೆ. ಅದು ದೊಡ್ಡ ಮೊತ್ತವಲ್ಲ. ಆದರೆ ಮನೆಯಲ್ಲಿ ಅವರ ಮಾತಿಗೆ ತೂಕ ಕೊಡುವ ಹಣ ಅದು. ಎರಡನೆಯದು ಅಂಗಡಿಗೆ ಬಂಡವಾಳ. ಇದಕ್ಕೆ ಸಾಲ, ಸಹಾಯಧನಗಳ ಆಧಾರ ಯೋಜನೆ ಇದೆ. ಮೂರನೆಯದು ಎರಡು ಹೆಚ್ಚುವರಿ ಗಾಲಿಗಳುಳ್ಳ ಸ್ಕೂಟರು. ಸಾಮಾನು ತರುವುದಕ್ಕೆ ಬೇರೆಯವರ ಕಾಲಿಗೆ ಬೀಳದಂತೆ ಕಾಪಾಡುವುದು ಅದು. ನಾಲ್ಕನೆಯದು ಬಸ್ ಪಾಸು. ಐದನೆಯದು, ಇವೆಲ್ಲ ಎಲ್ಲಿ ಸಿಗುತ್ತವೆ, ಯಾವ ಕಾಗದ ಬೇಕು ಎಂದು ಹೇಳುವ ಒಬ್ಬ ಮನುಷ್ಯ.

ಈ ಐದರಲ್ಲಿ ಪ್ರತಿಯೊಂದೂ ಸಣ್ಣದು, ಆದರೆ ಒಂದಕ್ಕೊಂದು ಸರಪಳಿಯ ಕೊಂಡಿಯಂತೆ ಜೋಡಿಕೊಂಡಿವೆ. ವರ್ಷಕ್ಕೆ ಕೊಡುವ ಸ್ಕೂಟರುಗಳ ಸಂಖ್ಯೆ ಇಳಿದರೆ ಅರ್ಜಿದಾರರ ಸಾಲು ಉದ್ದವಾಗುತ್ತದೆ. ಸ್ಕೂಟರಿಲ್ಲದಿದ್ದರೆ ಸಾಮಾನಿಗೆ ಬಾಡಿಗೆ ಆಟೊ ಬೇಕು. ಅಂಗಡಿಯ ಲಾಭ ಅದಕ್ಕೇ ಹೋಗುತ್ತದೆ. ಮಾಸಾಶನ ಎರಡು ಮೂರು ತಿಂಗಳು ತಡವಾದರೆ ಅಂಗಡಿಯ ಬಂಡವಾಳದಿಂದ ಮನೆ ನಡೆಯುತ್ತದೆ. ಅಂಗಡಿ ಮುಚ್ಚಿದ ದಿನ ಆ ಮನುಷ್ಯ ಮತ್ತೆ ತಮ್ಮನ ಮನೆಯ ಮೂಲೆಗೆ ಬರುತ್ತಾರೆ. ಸರಕಾರದ ಲೆಕ್ಕದಲ್ಲಿ ಉಳಿತಾಯವಾದದ್ದು ಒಂದು ಸ್ಕೂಟರಿನ ಬೆಲೆ. ಕಳೆದುಹೋದದ್ದು ಒಂದು ಕಾಯಕ.

ಬಸ್ ಪಾಸಿನ ಕತೆ ಇನ್ನೂ ಸ್ವಾರಸ್ಯಕರ. ರಾಜ್ಯದ ರಸ್ತೆ ಸಾರಿಗೆ ನಿಗಮಗಳಲ್ಲಿ ಅಂಧರಿಗೆ ಉಚಿತ ಪಾಸು. ಇತರ ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿಗೆ ವಾಸಸ್ಥಳದಿಂದ 100 ಕಿಲೋಮೀಟರಿನವರೆಗೆ ಪ್ರಯಾಣಿಸುವ ರಿಯಾಯಿತಿ ಪಾಸು ಬಂತು. ಬೆಂಗಳೂರಿನ ಸುತ್ತಲಿನವರಿಗೆ 100 ಕಿಲೋಮೀಟರ್ ಧಾರಾಳ. ಬೀದರದವರಿಗೆ? ವಿಭಾಗದ ಕೇಂದ್ರವಾದ ಕಲಬುರಗಿಯೇ ರಸ್ತೆಯಲ್ಲಿ 100 ಕಿಲೋಮೀಟರ್ ಮೀರುತ್ತದೆ. ದೊಡ್ಡ ಆಸ್ಪತ್ರೆಗೆಂದು ಈ ಸೀಮೆಯವರು ಹೋಗುವ ಹೈದರಾಬಾದ್ ಕೂಡ 100 ಕಿಲೋಮೀಟರಿನಾಚೆ, ಅದರ ಮೇಲೆ ಬೇರೆ ರಾಜ್ಯ. ನಕ್ಷೆಯ ನಡುವೆ ಕುಳಿತು ಎಳೆದ ಗೆರೆ ಅಂಚಿನ ಜನರಿಗೆ ಹೇಗೆ ಕಿರಿದಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಾಗ ಒಂದು ಅನಿರೀಕ್ಷಿತ ಸಂಗತಿ ನಡೆಯಿತು. ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆಲ್ಲ ಪ್ರಯಾಣ ಉಚಿತವಾದದ್ದರಿಂದ ಅಂಗವಿಕಲ ಮಹಿಳೆಯರ 100 ಕಿಲೋಮೀಟರಿನ ಗೆರೆಯೂ ಅಳಿಸಿಹೋಯಿತು. ಜೊತೆಗೆ ಬರುವ ತಾಯಿಗೂ ಅಕ್ಕನಿಗೂ ಟಿಕೆಟ್ ಬೇಕಿಲ್ಲ. ಅಂಗವಿಕಲರ ಹೆಸರಿನಲ್ಲಿಲ್ಲದ ಯೋಜನೆಯೊಂದು ಅವರಲ್ಲಿ ಅರ್ಧದಷ್ಟು ಜನರಿಗೆ ದಾರಿ ತೆರೆಯಿತು. ಆದರೆ ಬಸ್ಸಿನ ಮೆಟ್ಟಿಲು ಮೊದಲಿನಷ್ಟೇ ಎತ್ತರ ಉಳಿಯಿತು. ಇದರ ತಿರುವುಮುರುವು ಭಾಲ್ಕಿಯಲ್ಲಿ ಕಾಣುತ್ತದೆ. ಭಾಲ್ಕಿಗೆ ರೈಲುಂಟು. 2020ರ ಮಾರ್ಚಿನಲ್ಲಿ ರೈಲ್ವೆ ಹಲವು ರಿಯಾಯಿತಿಗಳನ್ನು ನಿಲ್ಲಿಸಿದಾಗ ಅಂಗವಿಕಲರ ರಿಯಾಯಿತಿ ಉಳಿಯಿತು, ಹಿರಿಯ ನಾಗರಿಕರದು ಹೋಯಿತು. ಮುಪ್ಪಿನಿಂದ ಕಣ್ಣು ಮಂಜಾದವರು, ಮೊಣಕಾಲು ಬಿದ್ದವರು, ವೈಕಲ್ಯದ ಪ್ರಮಾಣಪತ್ರ ಮಾಡಿಸಿಕೊಳ್ಳದ ಮುದುಕರು ಆ ಲೆಕ್ಕದಿಂದ ಹೊರಗುಳಿದರು.

ಊರಿನ ಆ ಒಬ್ಬ ಮನುಷ್ಯ

ಐದನೆಯ ಕೊಂಡಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 1999-2000ದಲ್ಲಿ ಕೇಂದ್ರ ಸರಕಾರ ಅಂಗವಿಕಲರ ಪುನರ್ವಸತಿಗೆ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಗ್ರಾಮ ಪಂಚಾಯಿತಿಯಲ್ಲಿ, ತಾಲ್ಲೂಕಿನಲ್ಲಿ ಪುನರ್ವಸತಿ ಕಾರ್ಯಕರ್ತರು ಇರಬೇಕೆಂಬುದು ಅದರ ಯೋಚನೆ. ಕೆಲವೇ ವರ್ಷಗಳಲ್ಲಿ ಕೇಂದ್ರ ಕೈಬಿಟ್ಟು ಅದನ್ನು ರಾಜ್ಯಗಳಿಗೆ ವರ್ಗಾಯಿಸಿತು. ಹಣ ನಿಂತಾಗ ಯೋಜನೆಯೂ ನಿಲ್ಲುವುದು ಸಾಮಾನ್ಯ. ಆದರೆ ಕರ್ನಾಟಕ ಅದನ್ನು ಕೈಬಿಡಲಿಲ್ಲ. 2007ರ ಸುಮಾರಿಗೆ ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಪ್ರತಿ ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಎಂಬ ವ್ಯವಸ್ಥೆ ರಾಜ್ಯದ ಹಣದಲ್ಲಿ ಬೆಳೆಯಿತು. ಇದರ ವಿಶೇಷವೆಂದರೆ ಊರಿನ ಅಂಗವಿಕಲರನ್ನೇ ಈ ಕೆಲಸಕ್ಕೆ ತೆಗೆದುಕೊಂಡದ್ದು.

ಮನೆಯ ಮೂಲೆಯಲ್ಲಿದ್ದ ಯುವಕ ಅಥವಾ ಯುವತಿ ಕೈಯಲ್ಲಿ ಕಡತ ಹಿಡಿದು ಪಂಚಾಯಿತಿ ಕಚೇರಿಗೆ ಬಂದದ್ದು ಹಳ್ಳಿಯ ಕಣ್ಣಿಗೆ ಹೊಸ ನೋಟ. ಅವರು ಮನೆ ಮನೆಗೆ ಹೋಗಿ ಪಟ್ಟಿ ಮಾಡಿದರು, ಪ್ರಮಾಣಪತ್ರದ ಶಿಬಿರಕ್ಕೆ ಜನರನ್ನು ಕರೆತಂದರು, ನಿಂತ ಮಾಸಾಶನವನ್ನು ವಿಚಾರಿಸಿದರು, ಬುದ್ಧಿಮಾಂದ್ಯ ಮಗುವಿನ ತಾಯಿಗೆ ಎಲ್ಲಿಗೆ ಹೋಗಬೇಕೆಂದು ಹೇಳಿದರು. ದಾನದ ಕೈಯೂ ಬೇಡುವ ಕೈಯೂ ಇಲ್ಲದ ಒಂದು ಸಂಬಂಧ ಇದು. ಬರ್ಕ್ಲಿಯಲ್ಲಿ ಅಂಗವಿಕಲರೇ ಅಂಗವಿಕಲರಿಗೆ ದಾರಿ ತೋರಿದಂತೆಯೇ ಔರಾದ, ಭಾಲ್ಕಿ ತಾಲ್ಲೂಕುಗಳ ಹಳ್ಳಿಗಳಲ್ಲೂ ನಡೆಯಿತು.

ಆದರೆ ಇವರಿಗೆ ಸಿಕ್ಕಿದ್ದು ಸಂಬಳವಲ್ಲ, ಗೌರವಧನ. ಗೌರವಧನಕ್ಕೆ ಕನಿಷ್ಠ ವೇತನದ ಕಾನೂನು ಅನ್ವಯಿಸುವುದಿಲ್ಲ. ಅದು ತಡವಾದರೆ ಕೇಳುವ ಹಕ್ಕೂ ಗಟ್ಟಿಯಾಗಿಲ್ಲ. ಮೊತ್ತ ಕೆಲವು ಬಾರಿ ಏರಿದ್ದು ನಿಜ. ಸೇವೆ ಕಾಯಂ ಆಗಬೇಕೆಂದು ಅವರು ಬೆಂಗಳೂರಿನವರೆಗೂ ಹೋಗಿ ಧರಣಿ ಕೂತದ್ದೂ ನಿಜ. ಇತರರ ಸ್ವತಂತ್ರ ಬದುಕಿಗಾಗಿ ಓಡಾಡುವವರ ಬದುಕೇ ವರ್ಷದಿಂದ ವರ್ಷಕ್ಕೆ ಬಜೆಟ್ಟಿನ ಮುಖ ನೋಡುವಂತಾಯಿತು.

ಪಂಚಾಯಿತಿಗಳು ತಮ್ಮ ಸ್ವಂತ ಆದಾಯದ ಶೇ 5ನ್ನು ಅಂಗವಿಕಲರಿಗಾಗಿ ಮೀಸಲಿಡಬೇಕೆಂಬ ನಿಯಮ ರಾಜ್ಯದಲ್ಲಿದೆ. ಇದು ಅಲಾವುದ್ದೀನನ ದವಾಖಾನೆಯ ದತ್ತಿಗೆ ಹತ್ತಿರದ ವ್ಯವಸ್ಥೆ. ಯಾರ ದಯೆಯೂ ಬೇಕಿಲ್ಲದ, ಗೊತ್ತುಪಡಿಸಿದ ಪಾಲು. ಆದರೆ ಪಾಲು ಎಷ್ಟು ಎಂಬುದು ಮೂಲ ಎಷ್ಟು ಎಂಬುದರ ಮೇಲಿದೆ. ಬೆಂಗಳೂರಿನ ಅಂಚಿನ ಪಂಚಾಯಿತಿಗೆ ಬಡಾವಣೆ, ಕಾರ್ಖಾನೆಗಳ ತೆರಿಗೆ ಬರುತ್ತದೆ. ಒಣಭೂಮಿಯ ಔರಾದದ ಪಂಚಾಯಿತಿಗೆ ಮನೆಪಟ್ಟಿ, ನೀರಪಟ್ಟಿಯಷ್ಟೇ. ಬಡ ಪಂಚಾಯಿತಿಯ ಶೇ 5 ಎಂದರೆ ಕೆಲವೊಮ್ಮೆ ಒಂದೆರಡು ಗಾಲಿಕುರ್ಚಿ.

ಈ ಅಸಮತೆ ಹೊಸದಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ ಹೆಚ್ಚಿನವು ಕಲಬುರಗಿ ವಿಭಾಗದವು. ಸಂವಿಧಾನದ 371-ಜೆ ವಿಧಿ ಬಂದ ಮೇಲೆ ಈ ಪ್ರದೇಶಕ್ಕೆ ಪ್ರತ್ಯೇಕ ಮಂಡಳಿಯಾಯಿತು. 2023-24ರಿಂದ ವರ್ಷಕ್ಕೆ 5,000 ಕೋಟಿ ರೂಪಾಯಿಯ ಮಾತು ಬಂತು. ರಸ್ತೆ, ಶಾಲೆ, ಆಸ್ಪತ್ರೆ ಕಟ್ಟಡಗಳಾದವು. ಅವುಗಳಿಗೆ ಇಳಿಜಾರು ದಾರಿ, ಹಿಡಿಗಂಬಿ, ಗಾಲಿಕುರ್ಚಿ ಹೋಗುವ ಶೌಚಾಲಯ ಇದ್ದರೆ ಅದು ಅಂಗವಿಕಲರ ಯೋಜನೆಯೂ ಹೌದು. ಇಲ್ಲದಿದ್ದರೆ ಅಷ್ಟು ಹಣವೂ ಅವರ ಪಾಲಿಗೆ ಗೋಡೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಅಂಗವಿಕಲರು ಬಳಸುವಂತೆ ಮಾರ್ಪಡಿಸಲು 2016ರ ಕಾಯಿದೆ ಕೊಟ್ಟಿದ್ದ ಐದು ವರ್ಷದ ಗಡುವು 2022ರ ಜೂನ್‌ನಲ್ಲಿ ಮುಗಿಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಸೌಲಭ್ಯಗಳ ಮಾನದಂಡ ಬರೀ ಸಲಹೆಯಾಗಿರದೆ ಕಡ್ಡಾಯವಾಗಿರಬೇಕು ಎಂದು ಹೇಳಬೇಕಾಯಿತು.

ಉಳಿದ ಪ್ರಶ್ನೆ

ಸರಕಾರದ ಬಳಿ ಹಣಕ್ಕೆ ಮಿತಿಯಿಲ್ಲ ಎಂದು ಯಾರೂ ಹೇಳಲಾರರು. ನೀರಾವರಿಗೂ ಬೇಕು, ಶಾಲೆಗೂ ಬೇಕು, ಸಾಲದ ಬಡ್ಡಿಗೂ ಬೇಕು. ಆದರೆ ಕಡಿತದ ಲೆಕ್ಕ ಹಾಕುವಾಗ ಎರಡು ಕಡೆಯನ್ನೂ ಬರೆಯಬೇಕು. ಸರಕಾರ ಬಿಟ್ಟ ಹೊಣೆ ಗಾಳಿಯಲ್ಲಿ ಕರಗುವುದಿಲ್ಲ. ಅದು ಯಾರದೋ ಹೆಗಲ ಮೇಲೆ ಕೂರುತ್ತದೆ. ಹೆಚ್ಚಾಗಿ ಅದು ಮನೆಯ ಹೆಣ್ಣಿನ ಹೆಗಲು. ಅಣ್ಣನನ್ನು ಬಸ್ ಹತ್ತಿಸಲು ಕೂಲಿ ಬಿಡುವ ತಂಗಿ, ಮಗನನ್ನು ಒಂಟಿಯಾಗಿ ಬಿಡಲಾರದೆ ಹೊಲಕ್ಕೆ ಹೋಗದ ತಾಯಿ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಕೇಂದ್ರ ಸರಕಾರ ತನ್ನ ಪಿಂಚಣಿದಾರರಿಗೆ ಮೂರು ತಿಂಗಳಿಗೆಂದು ಎರಡು ಕಂತಿನಲ್ಲಿ ಹೆಚ್ಚುವರಿಯಾಗಿ ಕೊಟ್ಟದ್ದು 1,000 ರೂಪಾಯಿ. ಉಳಿದದ್ದನ್ನು ಭರಿಸಿದ್ದು ಮನೆಯವರು, ನೆರೆಹೊರೆಯವರು, ಮಠ, ದರ್ಗಾಗಳು. ಅವರ ಒಳ್ಳೆಯತನ ದೊಡ್ಡದು. ಆದರೆ ಒಳ್ಳೆಯತನವನ್ನು ನಂಬಿ ಬದುಕುವುದು ಸ್ವತಂತ್ರ ಬದುಕಲ್ಲ.

ಬೀದರದಲ್ಲಿ ಬಹಮನಿ ಕೋಟೆ ನಿಂತಿದೆ, ಮಹಮೂದ್ ಗವಾನನ ಮದರಸಾ ನಿಂತಿದೆ. ಕಲ್ಲು ಉಳಿಯಿತು. ಮಾಸಾಶನ ಕೊಟ್ಟದ್ದು, ಹಳ್ಳಿಗಳ ಕಂದಾಯದಿಂದ ದವಾಖಾನೆ ನಡೆಸಿದ್ದು ಪುಸ್ತಕದ ನಾಲ್ಕು ಸಾಲಾಗಿ ಉಳಿಯಿತು. ಆ ಮಾಸಾಶನ ಪಡೆದ ಅಂಧರು ಯಾರೆಂದು ಫರಿಶ್ತಾ ಹೇಳಿಲ್ಲ. ಅದು ನಿಂತಾಗ ಅವರೇನಾದರೆಂದೂ ಹೇಳಿಲ್ಲ. ಇಂದಿನ ಅಂಗವಿಕಲರಿಗೆ ಗುರುತಿನ ಚೀಟಿಯಿದೆ, ಬ್ಯಾಂಕ್ ಖಾತೆಯಿದೆ, ಹೆಸರಿದೆ, ಕಾಯಿದೆಯಿದೆ. ಅಂದಿಗೂ ಇಂದಿಗೂ ಇರುವ ವ್ಯತ್ಯಾಸ ಇದು. ಬೆಲೆಯೇರಿಕೆಗೆ ತಕ್ಕಂತೆ ತಾನಾಗಿ ಏರುವ ಮಾಸಾಶನ, ಬಡ ತಾಲ್ಲೂಕಿಗೆ ತುಂಬಿಕೊಡುವ ಪಾಲು, ಊರಿನ ಕಾರ್ಯಕರ್ತನಿಗೆ ನಿಗದಿತ ಸಂಬಳ ಇವಿಷ್ಟು ಸೇರಿದರೆ ಆ ವ್ಯತ್ಯಾಸಕ್ಕೆ ಅರ್ಥ ಬರುತ್ತದೆ. ಅಲ್ಲಿಯವರೆಗೆ ಔರಾದದ ಅಂಗಡಿಯ ಬಾಗಿಲು ತೆರೆದಿರುವುದೂ ಮುಚ್ಚುವುದೂ 700 ಕಿಲೋಮೀಟರ್ ದೂರದಲ್ಲಿ ಯಾರೋ ಬರೆಯುವ ಒಂದು ಅಂಕಿಯ ಮೇಲೆ ನಿಂತಿರುತ್ತದೆ.